ಮೂರನೇ ಮಡಕೆಯ ಸುಣ್ಣ

ಇಂಟರ್‌ನ್ಯಾಷನಲ್ ಸಿಟಿ, ದುಬೈ
೧೩ ನವೆಂಬರ್ ೨೦೧೪, ಗುರುವಾರ

ಪ್ರೀತಿಯ ಅಮ್ಮನಿಗೆ,

ಅಜ್ಜ ಮರ ಹತ್ತುವುದನ್ನು ಬಿಟ್ಟಿರಲೇ ಇಲ್ಲ. ಇದನ್ನು ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನೀನು ಅಲ್ ಐನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಮೊದಲ ಸಲ ರಜೆಗೆ ಎರ್ಮಾಳಿಗೆ ಬಂದಾಗ, ಇನ್ನು ಕಳ್ಳು ಇಳಿಸುವ ಕೆಲಸ ಬೇಡ ಎಂದು ದೈವದ ಮುಂದೆ ಅವರಿಂದ ಮಾತು ತೆಗೆದುಕೊಂಡೆಯಲ್ಲ, ಆಗ ಅವರು ತಲೆ ಆಡಿಸಿದ್ದು ನಿಜ. ನೀನು ಬಜ್ಪೆಯಲ್ಲಿ ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾಳೆಮರ ಹತ್ತಿದ್ದೂ ನಿಜ. "ದೈವಕ್ಕೆ ಕಳ್ಳು ಇಡುವವರು ಯಾರು? ದೈವವೇ ಹತ್ತಬೇಕಾ?" ಎಂದು ನನ್ನನ್ನು ಕೇಳಿದ್ದರು. ನಾನಾಗ ಎರಡನೇ ಕ್ಲಾಸು. 

ಪ್ರತಿ ವರ್ಷ ನೀನು ಬರುವ ಹಿಂದಿನ ದಿನ ಕಳ್ಳಿನ ಮಡಕೆಗಳನ್ನೆಲ್ಲ ಸೌದೆ ಕೊಟ್ಟಿಗೆಗೆ ಸಾಗಿಸಿ ಮೇಲೆ ತೆಂಗಿನ ಮಡಲು ಮುಚ್ಚುತ್ತಿದ್ದವಳು ನಾನು. ನೀನು ಚಾವಡಿಗೆ ಕಾಲಿಟ್ಟವಳೇ ಮೂಗು ಅರಳಿಸಿ "ಇದೆಂತ ವಾಸನೆ?" ಎನ್ನುತ್ತಿದ್ದೆ. ಅಜ್ಜಿ "ಹಲಸಿನ ಹಣ್ಣು ಕೊಳೆತದ್ದು" ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಎಲ್ಲಿಯ ಹಲಸು ಅಮ್ಮಾ? ನೀನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಮಗೆಲ್ಲ ಎಷ್ಟು ಕೆಲಸ ಕಡಿಮೆಯಾಗುತ್ತಿತ್ತು.

ಫೋನಿನಲ್ಲೇ ಹೇಳಬಹುದಿತ್ತು ಎನ್ನಬೇಡ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿ, "ನನಗೆ ಡ್ಯೂಟಿಗೆ ಹೊತ್ತಾಯ್ತು" ಎಂದು ಇಟ್ಟುಬಿಡುತ್ತೀ. ವಾಟ್ಸಾಪಿನಲ್ಲಿ ಉದ್ದ ಬರೆದರೆ ಕೈ ಮುಗಿದ ಚಿತ್ರ ಒಂದು ಕಳಿಸುತ್ತೀ. ಅದಕ್ಕೆ ಈ ಕಾಗದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ನನ್ನ ರೂಮಿನ ಶಾರನ್‌ನ ಅಣ್ಣ ಶನಿವಾರ ಅಲ್ ಐನ್‌ಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಪೂರ್ತಿ ಓದು. ಮಧ್ಯದಲ್ಲಿ ಎದ್ದು ಹೋಗಿ ಪಾತ್ರೆ ತೊಳೆಯಬೇಡ.

ಮೊದಲು ನನ್ನ ಕೆಲಸದ ವಿಷಯ. ನೀನು ಎಲ್ಲರಿಗೂ ಹೇಳಿಕೊಂಡು ಬಂದಿರುವಂತೆ ನಾನು "ನ್ಯೂಟ್ರಿಷನ್ ರಿಸರ್ಚ್" ಮಾಡುತ್ತಿಲ್ಲ. ಕಳೆದ ವರ್ಷ ಅಲ್ ಐನ್‌ನ ಓಣಂ ಊಟದಲ್ಲಿ ನಿನ್ನ ವಾರ್ಡಿನ ಡೊರೊತಿ ಆಂಟಿ ನನ್ನ ಪಕ್ಕ ಕುಳಿತು ಸಕ್ಕರೆ ಕಾಯಿಲೆಗೆ ಡಯಟ್ ಚಾರ್ಟ್ ಬರೆದುಕೊಡು ಎಂದರು. ನನಗೆ ಗೊತ್ತಿಲ್ಲ ಆಂಟಿ, ನನ್ನ ಕೆಲಸ ಜೋಳ ಜಗಿದು ಬಟ್ಟಲಿಗೆ ಉಗುಳುವುದು ಎಂದೆ. ಅವರು ಎಲೆಯ ಮೇಲೆ ಪಾಯಸ ಚೆಲ್ಲುವಷ್ಟು ನಕ್ಕರು. ನೀನು ಮೇಜಿನ ಕೆಳಗಿನಿಂದ ನನ್ನ ತೊಡೆ ಚಿವುಟಿದೆ. ಆ ಗುರುತು ಒಂದು ವಾರ ಇತ್ತು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಕೇಳಿಸಿಕೊ. ನೆಲಿಡಾ ಮೇಡಮ್ ಪೆರು ದೇಶದವರು. ಇಲ್ಲಿಯ ಯೂನಿವರ್ಸಿಟಿಯಲ್ಲಿ ಪುರಾತತ್ತ್ವ ಕಲಿಸುತ್ತಾರೆ. ಅವರ ದೇಶದ ಬೆಟ್ಟಗಳಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಜನ ಮೆಕ್ಕೆಜೋಳದಿಂದ ಒಂದು ಹುಳಿ ಪಾನೀಯ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಚಿಚಾ ಎಂದು ಹೆಸರು. ನಮ್ಮ ಕಳ್ಳಿನ ಹಾಗೆಯೇ. ಅದಿಲ್ಲದೆ ಅವರಿಗೆ ಮದುವೆಯಿಲ್ಲ, ಉಳುಮೆಯಿಲ್ಲ, ಸಾವಿಲ್ಲ. ಕುಡಿಯುವ ಮೊದಲು ಒಂದು ಗುಟುಕು ನೆಲಕ್ಕೆ ಚೆಲ್ಲುತ್ತಾರೆ. ಒಂದು ಬೆಟ್ಟದ ನೆತ್ತಿಯಲ್ಲಿ ಇದನ್ನು ಕುದಿಸುವ ದೊಡ್ಡ ಮನೆಯೇ ಸಿಕ್ಕಿದೆಯಂತೆ. ನೆಲದ ತುಂಬ ಹೆಂಗಸರು ಶಾಲಿಗೆ ಚುಚ್ಚಿಕೊಳ್ಳುವ ಪಿನ್ನುಗಳು ಬಿದ್ದಿದ್ದವಂತೆ. ಹಾಗಾಗಿ ಅಲ್ಲಿ ಕೆಲಸ ಮಾಡಿದವರು ಹೆಂಗಸರು ಎಂದು ಗೊತ್ತಾಯಿತು. ಆ ಊರನ್ನು ಬಿಟ್ಟು ಹೋಗುವ ದಿನ ಕೊನೆಯ ಸಲ ಎಲ್ಲರೂ ಕುಡಿದು, ಆ ಮನೆಗೆ ಬೆಂಕಿ ಇಟ್ಟು, ಲೋಟಗಳನ್ನು ಬೆಂಕಿಗೇ ಎಸೆದು ಹೋದರಂತೆ. ಮೇಡಮ್ ಇದನ್ನು ಹೇಳಿದ ದಿನ ನಾನು ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋಗಿದ್ದೆ. ಹನ್ನೊಂದನೇ ಕ್ಲಾಸಿನಲ್ಲಿ ಯಾರಾದರೂ ಇಂಥದ್ದೊಂದು ಹೇಳಿದ್ದರೆ ನಾನು ಶಾಲೆ ಬಿಡುತ್ತಿರಲಿಲ್ಲವೋ ಏನೋ. ಬಿಡುತ್ತಿದ್ದೆ, ಇರಲಿ.

ಜೋಳವನ್ನು ಹುಳಿಸಲು ಎರಡು ದಾರಿ. ಮೊಳಕೆ ಬರಿಸಿ ಒಣಗಿಸಿ ಅರೆಯುವುದು ಒಂದು. ಹಿಟ್ಟನ್ನು ಬಾಯಲ್ಲಿ ಜಗಿದು ಉಂಡೆ ಮಾಡಿ ಉಗುಳುವುದು ಇನ್ನೊಂದು. ಎಂಜಲೇ ಜೋಳವನ್ನು ಸಿಹಿ ಮಾಡುತ್ತದೆ, ಸಿಹಿಯಾದ ಮೇಲೆ ಅದು ತಾನೇ ಹುಳಿಯುತ್ತದೆ. ಈಗ ಸಿಗುವ ಹಳೆಯ ಮಡಕೆ ಚೂರನ್ನು ನೋಡಿ, ಇದರಲ್ಲಿದ್ದದ್ದು ಮೊಳಕೆಯದೋ ಜಗಿದದ್ದೋ ಎಂದು ಹೇಳುವ ಉಪಾಯ ಮೇಡಮ್‌ಗೆ ಬೇಕಿತ್ತು. ಅದಕ್ಕೆ ಹಳೆಯ ಮಾದರಿಯಲ್ಲೇ ಹೊಸ ಮಡಕೆ ಮಾಡಿಸಿ, ಒಂದೊಂದರಲ್ಲಿ ಒಂದೊಂದು ಬಗೆ ಹುಳಿಸಿ, ಆಮೇಲೆ ಮಡಕೆ ಒಡೆದು ಒಳಗೆ ಏನು ಅಂಟಿದೆ ನೋಡುವುದು. ಜಗಿಯುವ ಕೆಲಸಕ್ಕೆ ಅವರ ವಿದ್ಯಾರ್ಥಿಗಳು ಒಬ್ಬರೂ ಬರಲಿಲ್ಲ. ಒಬ್ಬಳು ಕೇಳಿಯೇ ವಾಂತಿ ಮಾಡಿಕೊಂಡಳಂತೆ. ಮೇಡಮ್ ಬಂದ ಹೊಸದರಲ್ಲಿ ಶಾರನ್ ಕೆಲಸ ಮಾಡುವ ಹೋಟೆಲಿನಲ್ಲಿದ್ದರು. ಶಾರನ್ ರಾತ್ರಿ ರೂಮಿಗೆ ಬಂದು, "ಅಶ್ಮಿ, ನಿನಗೆ ಹೇಳಿ ಮಾಡಿಸಿದ ಕೆಲಸ ಉಂಟು, ಓದಬೇಕಂತ ಇಲ್ಲ, ಬಾಯಿ ಇದ್ದರೆ ಸಾಕು" ಎಂದಳು. ಸತ್ವಾದ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿದು, ನರ್ಸರಿಯಲ್ಲಿ ಮಕ್ಕಳ ಮೂಗು ಒರೆಸಿ, ಎಲ್ಲಿಯೂ ನಿಲ್ಲದವಳು ನಾನು. ಇಲ್ಲಿ ನಿಂತೆ.

ನಿನಗೆ ಎಂಜಲು ಎಂಬ ಒಂದೇ ಮಾತು ಕೇಳಿಸುತ್ತದೆ ಎಂದು ಗೊತ್ತು. ಮೇಡಮ್‌ನ ಅಜ್ಜಿಯೂ ಜಗಿಯುತ್ತಿದ್ದರಂತೆ. ಮೇಡಮ್ ಪೇಟೆಯ ಶಾಲೆಗೆ ಸೇರಿದಾಗ ಹುಡುಗಿಯರು "ಉಗುಳು ಕುಡಿಯುವವಳು" ಎಂದು ಕೂಗುತ್ತಿದ್ದರಂತೆ. ಅವರು ಅದನ್ನು ಪ್ರತಿ ವರ್ಷ ಮೊದಲ ಪಾಠದಲ್ಲೇ ಹೇಳುತ್ತಾರೆ. ಹೇಳಿ, ಬೋರ್ಡು ಒರೆಸಿ, ಮುಂದಿನದಕ್ಕೆ ಹೋಗುತ್ತಾರೆ. ನೀನಾದರೆ ಅಜ್ಜನನ್ನು ಅಲ್ ಐನ್‌ನವರ ಬಾಯಲ್ಲಿ ಎರಡು ಎಕರೆ ತೆಂಗಿನ ತೋಟದ ಯಜಮಾನರನ್ನಾಗಿ ಮಾಡಿಟ್ಟಿದ್ದೀ. ಮೊನ್ನೆ ಕೇಳಿದಾಗ ತೋಟ ನಾಲ್ಕು ಎಕರೆಯಾಗಿತ್ತು.

ಈ ವರ್ಷದ ಜಗಿಯುವಿಕೆ ರಂಜಾನಿನಲ್ಲಿ ಬಂತು. ಹಗಲು ಹೊರಗೆ ನೀರು ಕುಡಿಯುವಂತಿಲ್ಲ, ನಾನು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ದಿನವಿಡೀ ಜೋಳದ ಹಿಟ್ಟು ಬಾಯಿಗೆ ತುಂಬಿಕೊಳ್ಳುತ್ತಿದ್ದೆ. ಸೆಕ್ಯೂರಿಟಿಯ ಮೊಹಮ್ಮದ್ ಕಾಕಾ ಒಮ್ಮೆ ಬಾಗಿಲು ತೆರೆದು, ನನ್ನ ಉಬ್ಬಿದ ಕೆನ್ನೆ ನೋಡಿ, ಹಾಗೆಯೇ ಮುಚ್ಚಿಕೊಂಡು ಹೋದರು. ಸಂಜೆ ಉಪವಾಸ ಬಿಟ್ಟ ಮೇಲೆ ನನಗೂ ಖರ್ಜೂರ ತಂದು ಕೊಟ್ಟು "ಹಲ್ಲುನೋವಾ ಬೇಟಿ?" ಎಂದರು. ನನ್ನ ದವಡೆ ನಿಜವಾಗಿಯೂ ನೋಯುತ್ತಿತ್ತು. ಲ್ಯಾಬಿನ ಎಲ್ರಾಯ್ ಗೊತ್ತಲ್ಲ, ಕಿನ್ನಿಗೋಳಿಯವನು, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವನು. ಅವನು ನನ್ನನ್ನು "ಅರೆಯುವ ಕಲ್ಲು" ಎಂದೇ ಕರೆಯುತ್ತಿದ್ದ. ನಾನು ಅವನನ್ನು "ಕುಟ್ಟುವ ಕೋಲು" ಎನ್ನುತ್ತಿದ್ದೆ, ಯಾಕೆಂದರೆ ಅವನಿಗೆ ಪಿಪೆಟ್ಟಿನ ಗಾಜಿನ ಕೊಳವೆ ಹಿಡಿಯುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಈಗ ಈದ್ ರಜೆಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು, ಇಲ್ಲಿ ನೀನಿದ್ದೀ.

ರಜೆಯಲ್ಲಿ ಲ್ಯಾಬಿನ ಕಟ್ಟಡಕ್ಕೆ ಎ.ಸಿ. ಇಲ್ಲ ಎಂದರು. ಜುಲೈ ತಿಂಗಳು. ಮಡಕೆಗಳು ಅಲ್ಲಿದ್ದರೆ ಬೇಯುತ್ತಿದ್ದವು. ಹುಳಿಸಲು ಇದ್ದ ಪರವಾನಗಿ ಲ್ಯಾಬಿಗೆ ಮಾತ್ರ, ಮನೆಗಳಿಗಲ್ಲ. ಹಾಗಿದ್ದೂ ಮೂವರೂ ಒಂದೊಂದು ಒಯ್ದೆವು. ಮೊಳಕೆ ಜೋಳದ ಮೊದಲ ಮಡಕೆ ಎಲ್ರಾಯ್‌ಗೆ, ಅಲ್ಲಿಯ ಒಂದು ಮರದ ಕೆಂಪು ಹಣ್ಣಿನ ಎರಡನೆಯದು ಮೇಡಮ್‌ಗೆ, ನಾನು ಜಗಿದ ಮೂರನೆಯದು ನನಗೆ. ಅದೇ ದಿನ ಸಂಜೆ ನೀನು ಅಲ್ ಐನ್ ಬಸ್ಸಿನಿಂದ ಇಳಿದು, ಬಂಗುಡೆ ಮೀನಿನ ಪುಳಿಮುಂಚಿಯ ಡಬ್ಬಿ ಹಿಡಿದುಕೊಂಡು ನಮ್ಮ ರೂಮಿಗೆ ಬಂದೆ. ಚಪ್ಪಲಿ ಬಿಡುವ ಮೊದಲೇ "ಕಳ್ಳಾ?" ಎಂದೆ.

ಒಂದೇ ಉಸಿರು ಸಾಕಾಯಿತು ನಿನಗೆ. ಶಾರನ್ ಎಷ್ಟು ಮುಗ್ಧವಾಗಿ ಕೇಳಿದಳು, ಆಂಟಿ ನಿಮಗೆ ಹೇಗೆ ಗೊತ್ತು ಎಂದು. ನೀನು "ಕ್ಯಾಶುವಾಲಿಟಿಗೆ ಕುಡುಕರು ಬರ್ತಾರಲ್ಲ ಮಗಾ" ಎಂದೆ. ಅಲ್ ಐನ್‌ನ ಕ್ಯಾಶುವಾಲಿಟಿಗೆ ಯಾರಮ್ಮಾ ತಾಳೆ ಕಳ್ಳು ಕುಡಿದು ಬರುತ್ತಾರೆ?

ಆಮೇಲೆ ನಾನು ಅದು ಕಳ್ಳಲ್ಲ, ಜೋಳ, ಜಗಿದದ್ದು ಎಂದೆ. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಯಾರ ಎಂಜಲು ಎಂದು ಕೇಳಿದೆ. ನನ್ನದೇ ಎಂದೆ ನಾನು. ಅಷ್ಟಕ್ಕೆ ನಿನ್ನ ಮುಖ ಸ್ವಲ್ಪ ಸಡಿಲವಾಯಿತು, ನನಗೆ ನಗು ಬಂತು. ಮರುಕ್ಷಣ ಪೊಲೀಸು ನೆನಪಾಯಿತು ನಿನಗೆ. "ಇದು ಗೊತ್ತಾದ್ರೆ ನನ್ನ ನೌಕರಿ ಹೋಗ್ತದೆ, ನಿನ್ನ ವೀಸಾ ಹೋಗ್ತದೆ, ಈ ಬಡ್ಡು ಹುಡುಗಿಯನ್ನೂ ಒಳಗೆ ಹಾಕ್ತಾರೆ" ಎಂದು ಶಾರನ್ ಕಡೆ ಕೈ ತೋರಿಸಿದೆ. ಶಾರನ್‌ಗೆ ತುಳು ಅರ್ಥವಾಗುತ್ತದೆ, ಬಡ್ಡು ಎಂದರೆ ಪೆದ್ದು ಎಂದು ಗೊತ್ತು ಎಂಬುದನ್ನು ನೀನು ಮರೆತಿದ್ದೆ. ನಿನ್ನ ಹೆದರಿಕೆ ಸುಳ್ಳೇನೂ ಅಲ್ಲ. ಅದನ್ನು ಒಪ್ಪುತ್ತೇನೆ. ಮಡಕೆಯನ್ನು ಮನೆಗೆ ತಂದದ್ದು ತಪ್ಪು, ಮೂವರದ್ದೂ. ಎರಡು ದಿನ ಅಷ್ಟೆ ಅಮ್ಮಾ ಎಂದೆ. ಖಲಾಸ್, ಮಾತು ಮುಗಿಯಿತು ಎಂದುಕೊಂಡೆ. ಮರುದಿನ ಮಧ್ಯಾಹ್ನ ನಾನೂ ಶಾರನ್ ಪರದೆ ಬಟ್ಟೆ ತರಲು ಡ್ರ್ಯಾಗನ್ ಮಾರ್ಟಿಗೆ ಹೋದೆವು. ನೀನು ಮಂಡಿ ನೋವು, ಮಲಗಿರುತ್ತೇನೆ ಎಂದೆ.

ನಾವು ಬಂದಾಗ ಮನೆ ತುಂಬ ಫಿನಾಯಿಲ್ ವಾಸನೆ. ನೀನು ನೆಲ ಒರೆಸಿದ್ದೆ, ಬಚ್ಚಲು ತಿಕ್ಕಿದ್ದೆ, ಪಾತ್ರೆಗಳನ್ನೆಲ್ಲ ಮಗುಚಿ ಇಟ್ಟಿದ್ದೆ. ಮಂಡಿ ನೋವಿನವಳು! ಮಡಕೆ ಇದ್ದಲ್ಲೇ ಇತ್ತು, ಬಾಯಿಗೆ ಕಟ್ಟಿದ ಬಟ್ಟೆ ಹಾಗೆಯೇ ಇತ್ತು. ನೊರೆ ಮಾತ್ರ ಇಳಿದಿತ್ತು. ಎ.ಸಿ. ಜಾಸ್ತಿಯಾಯಿತು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಮಡಕೆಗಳನ್ನು ಖಾಲಿ ಮಾಡಿ ಒಣಗಿಸಿದೆವು. ಮೂರನೆಯದು ಸರಿಯಾಗಿ ಹುಳಿದೇ ಇರಲಿಲ್ಲ, ಎಂಜಲಿನದು ನಿಧಾನ ಇರಬೇಕು ಎಂದು ಮೇಡಮ್ ಬರೆದುಕೊಂಡರು. ಅಕ್ಟೋಬರ್ ಕೊನೆಗೆ ಮಡಕೆಗಳನ್ನು ಉದ್ದಕ್ಕೆ ಕೊಯ್ದೆವು, ಒಳಗೋಡೆ ಸರಿಯಾಗಿ ಕಂಡದ್ದು ಆಗಲೇ. ಮೊದಲ ಎರಡರ ಒಳಗೆ ಕಂದು ಕಲೆ, ಅಲ್ಲಲ್ಲಿ ಏನೋ ಚುಕ್ಕೆ. ಮೂರನೆಯದರ ಒಳಗೆ ಬೆಳ್ಳಗೆ ಪದರ. ಮೇಡಮ್ ಕೂಗಿದರು. ಅವರು ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ದೇಶದ ಲಿಮಾ ಪಟ್ಟಣದ ಮ್ಯೂಸಿಯಂನಲ್ಲಿ ಇಂಥದೇ ಬಿಳಿ ಪದರವಿರುವ ಚೂರುಗಳು ಡಬ್ಬಿಗಟ್ಟಲೆ ಬಿದ್ದಿವೆಯಂತೆ. ಯಾತರದ್ದು ಎಂದು ಯಾರಿಗೂ ಗೊತ್ತಿಲ್ಲವಂತೆ. ಇದು ಜಗಿದ ಜೋಳದ ಗುರುತು, ಹಾಗಾದರೆ ಆ ಚೂರುಗಳೂ ಅವೇ ಎಂದು ಅವರು ಎಲ್ರಾಯ್‌ನ ಭುಜ ಹಿಡಿದು ಅಲ್ಲಾಡಿಸಿದರು. ತಮ್ಮ ಅಜ್ಜಿಯಂಥ ಹೆಂಗಸರು ಇಷ್ಟೊಂದು ಮಾಡಿದ್ದರು, ಇನ್ನು ಯಾರೂ ಅದನ್ನು ಇಲ್ಲ ಎನ್ನುವಂತಿಲ್ಲ ಎಂದರು. ಅವರ ಕಣ್ಣು ತುಂಬಿತ್ತು.

ನಾನು ಮಡಕೆಯನ್ನು ಬೆಳಕಿಗೆ ಹಿಡಿದೆ. ಬಿಳಿ ಪದರದಲ್ಲಿ ಮೇಲಿನಿಂದ ಕೆಳಕ್ಕೆ ತೆಳ್ಳಗೆ ಗೆರೆಗಳು, ಮೂರು ಮೂರು ಜೊತೆ. ತಳದಲ್ಲಿ ಒಂದು ತಿರುವು. ಕಂಠದ ಹತ್ತಿರ ಎರಡು ಬೆರಳಗಲ ಖಾಲಿ. ನೊರೆ ಇಳಿದು ಬಿದ್ದ ಗೆರೆ ಎಂದು ಮೇಡಮ್ ಚಿತ್ರ ಬಿಡಿಸುತ್ತಿದ್ದರು.

ಅಮ್ಮಾ, ಬೆಲ್ಲಕ್ಕೆ ಇಳಿಸುವ ರಸ ಹುಳಿಯಬಾರದೆಂದು ಮಡಕೆಯ ಒಳಗೆ ಸುಣ್ಣ ಹಚ್ಚುವುದು ನಿನಗೂ ಗೊತ್ತು, ನನಗೂ ಗೊತ್ತು. ಎರ್ಮಾಳಿನಲ್ಲಿ ಉಳಿದವರೆಲ್ಲ ತೆಂಗಿನ ನಾರಿನ ಕುಂಚದಲ್ಲಿ ಬಳಿಯುತ್ತಿದ್ದರು. ಮೂರು ಬೆರಳು ಅದ್ದಿ ಮೇಲಿನಿಂದ ಒಂದೇ ಎಳೆತಕ್ಕೆ ಎಳೆದು, ತಳದಲ್ಲಿ ತಿರುವಿ, ಹಗ್ಗ ಕಟ್ಟುವವನ ಕೈ ಸುಡಬಾರದೆಂದು ಕಂಠವನ್ನು ಬಿಡುತ್ತಿದ್ದವರು ನಮ್ಮ ಅಜ್ಜ, ನಿನ್ನ ಅಪ್ಪ, ಸೇಸಪ್ಪ ಒಬ್ಬರೇ. ನಾನು ಮಡಕೆ ಹಿಡಿದುಕೊಳ್ಳುತ್ತಿದ್ದೆ ಅಷ್ಟೆ, ನನ್ನ ಕೈಗೆ ಸುಣ್ಣ ಕೊಡುತ್ತಿರಲಿಲ್ಲ. ಅಜ್ಜ ತೀರಿಕೊಂಡು ಮೂರು ವರ್ಷವಾಯಿತು. ಹಾಗಾದರೆ ಇಂಟರ್‌ನ್ಯಾಷನಲ್ ಸಿಟಿಗೆ ಬಂದು ಯಾರು ಹಚ್ಚಿದರು? ಎಲೆ ಹಾಕಿಕೊಳ್ಳಲು ನಿನ್ನ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಸುಣ್ಣದ ಡಬ್ಬಿಗಳು ಈದ್ ಮರುದಿನ ನಮ್ಮ ಕಸದ ಬುಟ್ಟಿಯಲ್ಲಿ ಖಾಲಿ ಬಿದ್ದಿದ್ದವು. ಆಗ ನಾನು ಯೋಚಿಸಲಿಲ್ಲ.

ಚೆಲ್ಲಿಬಿಡಬಹುದಿತ್ತು ನೀನು. ಬಚ್ಚಲಿಗೆ ಸುರಿದು, ಬೆಕ್ಕು ಕೆಡವಿತು ಎಂದಿದ್ದರೆ ನಾನು ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ನಿನಗೆ ಚೆಲ್ಲಲು ಮನಸ್ಸು ಬರಲಿಲ್ಲ, ಅಲ್ಲವಾ? ಬಕೆಟಿಗೆ ಬಗ್ಗಿಸಿ, ಸುಣ್ಣ ಹಚ್ಚಿ, ಮತ್ತೆ ಒಳಗೆ ಹೊಯ್ದು, ಬಟ್ಟೆ ಕಟ್ಟಿದೆ. ಮಡಕೆಗಳ ಹತ್ತಿರ ಹೋದವಳೇ ಅಲ್ಲ ಎಂದು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತ ಬಂದವಳು ನೀನು.

ಅದೇ ವಾರ ನಿನಗೆ ಫೋನ್ ಮಾಡಿದೆ. ಮೊದಲು ನಿನ್ನ ಬಾಯಿಂದ ಕೇಳೋಣ ಎಂದು. "ನಾನ್ಯಾಕೆ ಮುಟ್ಟಲಿ ಆ ಎಂಜಲನ್ನು? ನಂಗೆ ಅದೆಲ್ಲ ಗೊತ್ತೂ ಇಲ್ಲ" ಎಂದೆ. ನಾನು ಬೆರಳಿನ ಗೆರೆಯ ವಿಷಯ ಹೇಳಿದೆ. "ಎಂತ ಗೆರೆಯೋ ಎಂತ ಕರ್ಮವೋ" ಎಂದೆ. ಮತ್ತೆ ಧ್ವನಿ ಬದಲಿಸಿದೆ. "ಅಲ್ಲ ಅಶ್ಮಿತಾ, ಆ ಮೇಡಮ್ ಖುಷಿಯಲ್ಲಿದ್ದಾರಲ್ಲ? ನಿನ್ನನ್ನು ಲಿಮಾಕ್ಕೆ ಕರ್ಕೊಂಡು ಹೋಗ್ತಾರಲ್ಲ? ಬಾಯಿ ಮುಚ್ಚಿಕೊಂಡು ಹೋಗು. ಒಂದು ಸಲವಾದ್ರೂ ಬಾಯಿ ಮುಚ್ಚಿಕೊ" ಎಂದೆ. ಆಮೇಲೆ ಡ್ಯೂಟಿಗೆ ಹೊತ್ತಾಯಿತು.

ಲಿಮಾ ಎಂದರೆ ನನಗೆ ಏನು ಎಂದು ನಿನಗೆ ಗೊತ್ತಿತ್ತು, ಅದಕ್ಕೇ ಅಲ್ಲಿ ಹಿಡಿದೆ. ಆ ಮ್ಯೂಸಿಯಂನಲ್ಲಿ ಆರು ತಿಂಗಳು ಚೂರುಗಳನ್ನು ತೊಳೆದು, ನಂಬರು ಹಾಕಿ, ಚಿತ್ರ ಬಿಡಿಸುವ ಕೆಲಸ. ಸರ್ಟಿಫಿಕೇಟ್ ಬೇಕಿಲ್ಲ, ಕಣ್ಣು ಮತ್ತು ತಾಳ್ಮೆ ಬೇಕು ಎಂದಿದ್ದರು ಮೇಡಮ್. ಕಣ್ಣು ಉಂಟು, ತಾಳ್ಮೆ ಕಲಿಯುತ್ತೇನೆ ಎಂದಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಶಾರನ್ ನನಗೆಂದು ದಪ್ಪ ಸ್ವೆಟರ್ ತಂದಿದ್ದಳು. ಈ ದೇಶದಲ್ಲಿ ಸ್ವೆಟರ್ ಹಾಕಿ ಕನ್ನಡಿ ನೋಡಿಕೊಂಡು ಬೆವರಿದ್ದೆ.

ಹದಿನೈದು ದಿನ ನಾನೂ ಸುಮ್ಮನಿದ್ದೆ. ನಿನ್ನ ಮಾತು ಕೇಳಿ ಅಂದುಕೊಳ್ಳಬೇಡ, ಹೋಗುವ ಆಸೆಯಿಂದಲೇ ಸುಮ್ಮನಿದ್ದೆ. ಊಟ ಸೇರುತ್ತಿರಲಿಲ್ಲ. ಎಲ್ರಾಯ್ "ಅರೆಯುವ ಕಲ್ಲು ಯಾಕೆ ತಿರುಗ್ತಾ ಇಲ್ಲ?" ಎಂದು ಕೇಳಿದ. ಹೋದ ಭಾನುವಾರ ಬೆಳಿಗ್ಗೆ ಮೇಡಮ್ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು. ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಕೊಡಬೇಕಾದ ಭಾಷಣದ ಮೊದಲ ಪುಟ. ಮೇಡಮ್ ಹೆಸರು, ಎಲ್ರಾಯ್ ಹೆಸರು, ಅದರ ಕೆಳಗೆ ಅಶ್ಮಿತಾ ಎಂದು ಬರೆದಿದ್ದರು. ಸ್ಪೆಲ್ಲಿಂಗ್ ಸರಿಯಿದೆಯಾ ನೋಡು ಎಂದರು. ಅದರ ಮುಂದಿನ ಪುಟದಲ್ಲಿ ಮೂರನೇ ಮಡಕೆಯ ಫೋಟೋ ದೊಡ್ಡದಾಗಿ ಇತ್ತು. ಅಜ್ಜನ ಮೂರು ಬೆರಳು, ಕೆಳಗೆ ಬಾಣದ ಗುರುತು ಹಾಕಿ "ನೊರೆ".

ಹೇಳಿದೆ ಅಮ್ಮಾ. ಅದು ಸುಣ್ಣ ಎಂದೆ. ಎಲೆಗೆ ಹಚ್ಚುವ ಸುಣ್ಣ, ರಸ ಹುಳಿಯಬಾರದೆಂದು ನಮ್ಮೂರಿನಲ್ಲಿ ಹೀಗೆ ಹಚ್ಚುತ್ತಾರೆ, ಈದ್ ರಜೆಯಲ್ಲಿ ನನ್ನ ರೂಮಿನಲ್ಲಿ ಆದದ್ದು ಎಂದೆ. ಮೇಡಮ್ ಮೊದಲು ನಂಬಲಿಲ್ಲ. ಎಲ್ರಾಯ್ ಚೂರಿನ ಮೇಲೆ ಒಂದು ಹನಿ ಆಸಿಡ್ ಬಿಟ್ಟ. ಸುಣ್ಣವಲ್ಲವೇ, ಬುಸ್ ಎಂದಿತು. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಮೇಡಮ್ ಕೇಳಿದರು, ಅವನು ಕಿವಿ ಕೆಂಪಗೆ ಮಾಡಿಕೊಂಡು ನಿಂತ. ಬೇಕಾದ ಉತ್ತರ ಸಿಕ್ಕಿದ ಮೇಲೆ ಮೂವರಲ್ಲಿ ಯಾರಿಗೂ ಮತ್ತೆ ಕೇಳುವ ಮನಸ್ಸಿರಲಿಲ್ಲ.

ಮೇಡಮ್ ಫೋಟೋವನ್ನು ತುಂಬ ಹೊತ್ತು ನೋಡಿ ಆ ಪುಟ ಅಳಿಸಿದರು. ಆಮೇಲೆ ಮೊದಲ ಪುಟವನ್ನೂ ಅಳಿಸಿದರು. ಅಬುಧಾಬಿಗೆ ಬರುವುದಿಲ್ಲ ಎಂದು ನನ್ನ ಎದುರೇ ಫೋನ್ ಮಾಡಿದರು. ಕೂಗಾಡಿದ್ದರೆ ಒಳ್ಳೆಯದಿತ್ತು. ಅವರ ಅಜ್ಜಿಯ ಡಬ್ಬಿಗಟ್ಟಲೆ ಚೂರುಗಳು ಮತ್ತೆ ಯಾರದ್ದೂ ಅಲ್ಲದ ಹಾಗಾದವು, ನಮ್ಮ ಮನೆಯ ಸುಣ್ಣದಿಂದ. ಮಂಗಳವಾರ ನನ್ನ ಕೆಲಸ ಮುಗಿದ ಕಾಗದ ಬಂತು. ಲಿಮಾಕ್ಕೆ ಎಲ್ರಾಯ್ ಒಬ್ಬನೇ ಹೋಗುತ್ತಾನೆ. ಸ್ವೆಟರ್ ಅವನಿಗೆ ಕೊಡಲು ಹೋದೆ, ಹುಡುಗಿಯರದು ಎಂದು ತೆಗೆದುಕೊಳ್ಳಲಿಲ್ಲ.

ಈಗ ನೀನು ಏನು ಹೇಳುತ್ತೀ ಎಂದು ಗೊತ್ತು. ಹೇಳದೇ ಇದ್ದಿದ್ದರೆ ಆಗುತ್ತಿತ್ತಲ್ಲ ಎನ್ನುತ್ತೀ. ಅಲ್ ಐನ್‌ಗೆ ಬಾ, ಹನ್ನೆರಡನೆಯದು ಪ್ರೈವೇಟಾಗಿ ಕಟ್ಟು, ಡೊರೊತಿ ಆಂಟಿಯ ಮಗಳ ಪುಸ್ತಕಗಳು ಉಂಟು ಎನ್ನುತ್ತೀ. ಎಲ್ಲರಿಗೂ ನಾನು "ಸ್ಟಡಿ ಲೀವ್"ನಲ್ಲಿ ಬಂದಿದ್ದೇನೆ ಎನ್ನುತ್ತೀ. ನಿನ್ನ ಬಾಯಲ್ಲಿ ನಾನು ಒಂದು ದಿನವೂ ನಾನಾಗಿ ಇರಲಿಲ್ಲ. ಅಜ್ಜ ತೋಟದ ಯಜಮಾನರು, ನಾನು ನ್ಯೂಟ್ರಿಷನಿಸ್ಟು, ನೀನು ಕಳ್ಳಿನ ವಾಸನೆಯನ್ನು ಕ್ಯಾಶುವಾಲಿಟಿಯಲ್ಲಿ ಕಲಿತವಳು. ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ನಿನಗೆ ಆಯಾಸವಾಗುವುದಿಲ್ಲವಾ? ನನಗೆ ಕೇಳಿಯೇ ಆಯಾಸವಾಗಿದೆ.

ಸುಣ್ಣ ಹಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ, ನಂಬು. ಅಂಥ ಎಳೆತ ಒಂದು ದಿನದಲ್ಲಿ ಬರುವುದಲ್ಲ. ಎಷ್ಟು ಮಡಕೆಗೆ ಹಚ್ಚಿರಬೇಕು ನೀನು, ಶಾಲೆಗೆ ಹೋಗುವ ಮೊದಲು, ಬೆರಳ ತುದಿ ಸುಟ್ಟುಕೊಂಡು. ಆ ಹುಡುಗಿಯ ಬಗ್ಗೆ ಅಜ್ಜನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಆ ಮಡಕೆಯ ಚೂರಿನ ಮುಂದೆ ಕುಳಿತಾಗ ನನಗೆ ಅವಳ ಪರಿಚಯವಾಯಿತು. ನನಗೆ ಅವಳು ಬೇಕಿತ್ತು ಅಮ್ಮಾ, ಊರಿನಲ್ಲಿ ನಿನಗಾಗಿ ಕಾಯುತ್ತಿದ್ದ ಅಷ್ಟೂ ವರ್ಷ. ನೀನು ಅವಳನ್ನು ಬಿಟ್ಟು ಬೇರೆ ಯಾರನ್ನೋ ಪ್ರತಿ ಡಿಸೆಂಬರಿನಲ್ಲಿ ಕಳಿಸುತ್ತಿದ್ದೆ, ಸೆಂಟು ಹಾಕಿಕೊಂಡು, ಮೂಗು ಮುಚ್ಚಿಕೊಂಡು.

ಮುಟ್ಟಲೇ ಇಲ್ಲ ಎಂದೆಯಲ್ಲ, ಅದಕ್ಕೆ ಸಿಟ್ಟು. ಅದು ಇನ್ನೂ ಇಳಿದಿಲ್ಲ.

ಬಿ.ಪಿ. ಮಾತ್ರೆ ತಪ್ಪಿಸಬೇಡ. ಪುಳಿಮುಂಚಿಯ ಡಬ್ಬಿಯನ್ನು ಇದರ ಜೊತೆಗೇ ಕಳಿಸಿದ್ದೇನೆ, ತೊಳೆದಿದ್ದೇನೆ.

ನಿನ್ನ ಬಾಯಿಬಡಕಿ ಮಗಳು,
ಅಶ್ಮಿತಾ

ಮೇಲೆ ಬರೆಯದೆ ಬಿಟ್ಟದ್ದು: ಆ ಭಾನುವಾರ ಮೇಡಮ್ ನನ್ನನ್ನು ಇನ್ನೂ ಒಂದು ಪ್ರಶ್ನೆ ಕೇಳಿದರು. ಸುಣ್ಣ ಹಚ್ಚಿದ್ದು ನೀನಾ, ಅಥವಾ ಮನೆಗೆ ಬಂದವರು ಯಾರಾದರೂ ತಿಳಿಯದೆ ಮಾಡಿದ್ದಾ ಎಂದು. ತಿಳಿಯದೆ ಆದದ್ದಾದರೆ ಅದನ್ನು ಅವಘಡ ಎಂದು ಬರೆದು ಮುಗಿಸುತ್ತೇನೆ, ನಿನ್ನ ಲಿಮಾ ಹಾಗೆಯೇ ಇರುತ್ತದೆ, ಅವರ ಹೆಸರು ಹೇಳು ಸಾಕು ಎಂದರು. ನೀನೇ ಮಾಡಿ ಇಷ್ಟು ದಿನ ಮುಚ್ಚಿಟ್ಟದ್ದಾದರೆ ನನ್ನ ಲ್ಯಾಬಿನಲ್ಲಿ ಜಾಗ ಇಲ್ಲ ಎಂದರು. ನಾನೇ ಹಚ್ಚಿದೆ ಎನ್ನಲಿಲ್ಲ, ಅದು ಸುಳ್ಳಾಗುತ್ತಿತ್ತು. ಅಮ್ಮ ಎಂದು ನಿನ್ನ ಹೆಸರನ್ನೂ ಹೇಳಲಿಲ್ಲ. ಮೇಡಮ್ ಕಾದರು, ಎಲ್ರಾಯ್ ನನ್ನ ಕಾಲು ತುಳಿದ, ನಾನು ಬಾಯಿ ತೆರೆಯಲಿಲ್ಲ. ವೀಸಾ ರದ್ದಾಗಿದೆ. ಮಂಗಳೂರಿಗೆ ಟಿಕೆಟ್ ಆಗಿದೆ. ನಾಳೆ ಹೊರಡುತ್ತೇನೆ.